ಯಂತ್ರಪಾಲಕನೂ ಗುಜರಿಯ ತಕ್ಕಡಿಯೂ

ಮಹಾನವಮಿಯ ಆಯುಧಪೂಜೆಯ ದಿನ ನಮ್ಮ ನಾಡಿನಲ್ಲಿ ಯಂತ್ರಗಳಿಗೆ ಸಲ್ಲುವ ಮರ್ಯಾದೆಯನ್ನು ನೋಡಿದ ಪರದೇಶೀಯನು ಬೆರಗಾಗದೆ ಇರಲಾರನು. ಕಾರ್ಖಾನೆಯ ಲೇತಿಗೆ ಕುಂಕುಮ, ಅಚ್ಚುಕೂಟದ ಯಂತ್ರಕ್ಕೆ ಸೇವಂತಿಗೆಯ ಸರ, ಬಸ್ಸಿನ ಮುಖಕ್ಕೆ ಬಾಳೆಯ ಕಂದು, ಚಕ್ರದ ಕೆಳಗೆ ನಿಂಬೆಯ ಹಣ್ಣು, ಬಾಗಿಲಿನಲ್ಲಿ ಒಡೆದ ಬೂದುಗುಂಬಳ! ಆ ಒಂದು ದಿನ ಒಡೆಯನೂ ಆಳೂ ಕೂಡಿ ಕಬ್ಬಿಣಕ್ಕೆ ಕೈಮುಗಿಯುತ್ತಾರೆ. ಇದು ಮೂಢಾಚಾರವೆಂದು ಹಳಿಯುವುದು ನನ್ನ ಉದ್ದೇಶವಲ್ಲ. ಅನ್ನವನ್ನು ಕೊಟ್ಟ ಉಪಕರಣಕ್ಕೆ ಕೃತಜ್ಞತೆಯನ್ನು ತೋರುವ ಈ ಪದ್ಧತಿಯು ಶ್ಲಾಘ್ಯವೇ ಸರಿ. ಆದರೆ ಹೀಗೆ ವರ್ಷಕ್ಕೊಮ್ಮೆ ದೇವರಾಗುವ ಯಂತ್ರವು ದುಡಿಯಲಾರದ ದಿನ ಏನಾಗುತ್ತದೆ, ಆಗ ನಮ್ಮ ಕೃತಜ್ಞತೆಯು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಕಾಣಬೇಕಾದರೆ ಬೆಂಗಳೂರಿನ ಪಶ್ಚಿಮಕ್ಕಿರುವ ನಾಯಂಡಹಳ್ಳಿಗೆ ಹೋಗಬೇಕು.

ಮೈಸೂರು ರಸ್ತೆಯೂ ನಗರವನ್ನು ಬಳಸಿ ಬರುವ ಹೊರವರ್ತುಲ ರಸ್ತೆಯೂ ಕೂಡುವ ಸ್ಥಳವದು. ಮಗ್ಗುಲಲ್ಲಿ ವೃಷಭಾವತಿ, ಒಂದು ಕಾಲದಲ್ಲಿ ನದಿ, ಈಗ ಊರಿನ ಕೊಳೆಯನ್ನು ಹೊರುವ ಕಾಲುವೆ. ೧೮೮೦ರ ದಶಕದ ಮೊದಲಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಹಾಕಿದ ರೈಲುದಾರಿಯು ಇಲ್ಲಿಯೇ ಹಾಯುತ್ತದೆ. ೨೦೨೧ರಿಂದ ಮೆಟ್ರೊ ರೈಲೂ ಕಂಬಗಳ ಮೇಲೆ ಇಲ್ಲಿಂದಲೇ ಕೆಂಗೇರಿಯ ಕಡೆಗೆ ಓಡುತ್ತಿದೆ. ಒಂದೂವರೆ ಶತಮಾನದ ಸಾರಿಗೆಯ ಚರಿತ್ರೆಯನ್ನು ಒಂದೇ ನೋಟದಲ್ಲಿ ಕಾಣಬಹುದಾದ ಇಂಥ ಸ್ಥಳಗಳು ನಾಡಿನಲ್ಲಿ ಹೆಚ್ಚಿಲ್ಲ. ಇದೇ ನಾಯಂಡಹಳ್ಳಿಯು ನಗರದ ಗುಜರಿಗೂ ಹಳೆಯ ಪ್ಲಾಸ್ಟಿಕ್ಕಿನ ವಿಂಗಡಣೆಗೂ ಹೆಸರಾದ ಊರು. ನಗರಕ್ಕೆ ಬೇಡವಾದುದು ಇಲ್ಲಿ ಬಂದು ರಾಶಿಯಾಗುತ್ತದೆ, ಬಗೆಬಗೆಯಾಗಿ ಬೇರೆಯಾಗುತ್ತದೆ, ತೂಕವಾಗಿ ಹೊರಟುಹೋಗುತ್ತದೆ.

ಕೆಲವು ಕಾಲದ ಹಿಂದೆ ಇಲ್ಲಿನ ಒಂದು ಗುಜರಿಯಂಗಳದಲ್ಲಿ ನಾನು ಕಂಡ ದೃಶ್ಯವೇ ಈ ಲೇಖನಕ್ಕೆ ಕಾರಣ. ಮುಚ್ಚಿಹೋದ ಯಾವುದೋ ಕಾರ್ಖಾನೆಯಿಂದ ಬಂದಿದ್ದ ಒಂದು ಹಳೆಯ ಲೇತು ಅಂಗಳದಲ್ಲಿ ಮಲಗಿತ್ತು. ಹುಡುಗನೊಬ್ಬನು ಉಳಿಯನ್ನೂ ಸುತ್ತಿಗೆಯನ್ನೂ ಹಿಡಿದು, ಮಿಕ್ಕ ಯಾವ ಭಾಗವನ್ನೂ ಮುಟ್ಟುವುದಕ್ಕೆ ಮೊದಲು, ಅದರ ಎದೆಗೆ ಬಡಿದಿದ್ದ ಹಿತ್ತಾಳೆಯ ಫಲಕವನ್ನು ಕೀಳುತ್ತಿದ್ದನು. ತಯಾರಿಸಿದವರ ಹೆಸರು, ಊರು, ಇಸವಿ, ಸಂಖ್ಯೆ, ಎಲ್ಲವೂ ಇರುವುದು ಆ ಫಲಕದಲ್ಲಿಯೇ. ನಾನು ಹತ್ತಿರಕ್ಕೆ ಹೋಗಿ ಓದುವಷ್ಟರಲ್ಲಿ ಅದು ಬುಟ್ಟಿಗೆ ಬಿದ್ದಿತು. ಬುಟ್ಟಿಯಲ್ಲಿ ಅಂಥವು ಇಪ್ಪತ್ತು ಮೂವತ್ತು ಇದ್ದವು. ಯಾವುದು ಯಾವ ಯಂತ್ರದ್ದೆಂದು ಯಜಮಾನನನ್ನು ಕೇಳಿದೆನು. ಆತನು ನಕ್ಕು, "ಸ್ವಾಮಿ, ಕಬ್ಬಿಣಕ್ಕೆ ಒಂದು ದರ, ಹಿತ್ತಾಳೆಗೆ ಒಂದು ದರ. ಹೆಸರಿಗೆ ದರವಿಲ್ಲ" ಎಂದನು.

ಆತನ ಮೇಲೆ ನನಗೆ ಸ್ವಲ್ಪವೂ ಸಿಟ್ಟಿಲ್ಲ. ಆತನು ತನ್ನ ಕಸಬನ್ನು ಚೆನ್ನಾಗಿ ಬಲ್ಲವನು. ತಾಮ್ರವನ್ನೂ ಹಿತ್ತಾಳೆಯನ್ನೂ ಬೀಡುಕಬ್ಬಿಣವನ್ನೂ ಉಕ್ಕನ್ನೂ ಕಣ್ಣಳತೆಯಲ್ಲಿಯೇ ಬೇರೆ ಮಾಡಬಲ್ಲವನು. ಆತನೂ ಆತನ ಕೆಲಸಗಾರರೂ ಇಲ್ಲದಿದ್ದರೆ ಈ ನಗರವು ತನ್ನ ಕಸದಲ್ಲಿಯೇ ಹೂತುಹೋಗುತ್ತಿತ್ತು. ನನ್ನ ಸಿಟ್ಟು ಆ ಯಂತ್ರವನ್ನು ಆತನ ತಕ್ಕಡಿಯವರೆಗೂ ಒಂದು ಮಾತನ್ನಾಡದೆ ಕಳುಹಿಸಿಕೊಟ್ಟವರ ಮೇಲೆ. ಎಂದರೆ ಓದುಬರಹ ಬಲ್ಲ ನಮ್ಮೆಲ್ಲರ ಮೇಲೆ.

ಇದನ್ನು ಒಂದು ಸಭೆಯಲ್ಲಿ ಹೇಳಿದಾಗ ಗೌರವಸ್ಥರೊಬ್ಬರು ಎದ್ದು, "ಹಳೆಯ ಕಬ್ಬಿಣಕ್ಕೊಬ್ಬ ಪಾಲಕನೇಕೆ? ಒಂದು ಕೊಟ್ಟಿಗೆ, ಒಂದು ಬೀಗ, ಒಬ್ಬ ಕಾವಲುಗಾರ, ಇಷ್ಟಿದ್ದರೆ ಸಾಲದೆ?" ಎಂದು ಕೇಳಿದರು. ಸಭೆಯು ಚಪ್ಪಾಳೆ ತಟ್ಟಿತು. ಆ ಚಪ್ಪಾಳೆಗೆ ಉತ್ತರವನ್ನು ಅಂದೇ ಕೊಡಲಾರದೆ ಹೋದೆನು, ಇಲ್ಲಿ ಕೊಡುತ್ತೇನೆ.

ಮೊದಲು ನಮ್ಮಲ್ಲಿ ಏನು ಉಂಟೆಂಬುದನ್ನು ಹೇಳುವುದು ನ್ಯಾಯ. ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಶಾಲೆಯು ೧೮೬೫ರಲ್ಲಿ ಎಡ್ವರ್ಡ್ ಬಾಲ್‌ಫೋರ್ ಎಂಬ ವೈದ್ಯನ ಪ್ರಯತ್ನದಿಂದ ಹುಟ್ಟಿತು. ಮದರಾಸಿನ ಸಂಗ್ರಹಶಾಲೆಯನ್ನು ಆರಂಭಿಸಿದವನೂ ಈತನೇ. ಅದರ ಪಕ್ಕದಲ್ಲಿಯೇ, ಕಸ್ತೂರಬಾ ರಸ್ತೆಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಶಾಲೆಯು ಎದ್ದಿತು. ೧೯೬೨ರ ಏಪ್ರಿಲಿನಲ್ಲಿ ಆ ಮಹನೀಯರು ತೀರಿಕೊಂಡರು. ಜುಲೈಯಲ್ಲಿ ಪ್ರಧಾನಮಂತ್ರಿ ನೆಹರೂರವರು ಅದರ ಕಟ್ಟಡವನ್ನು ತೆರೆದರು. ೧೯೬೫ರಲ್ಲಿ ವಿದ್ಯುಚ್ಛಕ್ತಿಯನ್ನು ಕುರಿತ ಮೊದಲ ಶಾಲೆಯು ಜನರ ನೋಟಕ್ಕೆ ಸಿದ್ಧವಾಯಿತು. ಅಲ್ಲಿನ ಎಂಜಿನ್ನುಗಳ ಅಂಗಣದಲ್ಲಿ ಮಕ್ಕಳು ಬಾಯಿ ತೆರೆದು ನಿಲ್ಲುವುದನ್ನು ನೋಡಿದವರಿಗೆ ಆ ಸಂಸ್ಥೆಯ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ. ಮೈಸೂರಿನಲ್ಲಿ ೧೯೭೯ರಿಂದ ರೈಲ್ವೆ ಸಂಗ್ರಹಶಾಲೆಯಿದೆ. ಮಹಾರಾಣಿಯವರ ಪ್ರಯಾಣಕ್ಕೆಂದು ೧೮೯೯ರಲ್ಲಿ ಮಾಡಿದ ಗಾಡಿಯೂ, ಹಳಿಯ ಮೇಲೆ ಓಡುವಂತೆ ಮಾರ್ಪಡಿಸಿದ ಆಸ್ಟಿನ್ ಮೋಟಾರೂ ಅಲ್ಲಿವೆ. ಹಿಂದೂಸ್ತಾನ್ ಏರೋನಾಟಿಕ್ಸ್‌ನವರು ೨೦೦೧ರಲ್ಲಿ ತಮ್ಮ ವಿಮಾನಗಳಿಗೆಂದು ಒಂದು ಸಂಗ್ರಹಶಾಲೆಯನ್ನು ಮಾಡಿದರು. ಧರ್ಮಸ್ಥಳದ ಮಂಜೂಷಾದಲ್ಲಿಯೂ ಶ್ರೀರಂಗಪಟ್ಟಣದ ಬಳಿಯ 'ಪಯಣ'ದಲ್ಲಿಯೂ ಶ್ರೀ ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ಹಳೆಯ ಮೋಟಾರು ಬಂಡಿಗಳನ್ನು ನೋಡುವುದಕ್ಕೆ ಜನರು ಗುಂಪುಗೂಡುತ್ತಾರೆ. ಆದುದರಿಂದ ನಾಡಿನಲ್ಲಿ ಏನೂ ಇಲ್ಲವೆಂದು ಗೋಳಾಡುವುದು ಸುಳ್ಳು. ಇಲ್ಲದಿರುವುದು ಕಟ್ಟಡವಲ್ಲ, ಪಾಲಕನ ಕೆಲಸವು ಒಂದು ವಿದ್ಯೆಯೆಂಬ ತಿಳಿವಳಿಕೆ.

ಮೊದಲನೆಯ ಆಕ್ಷೇಪಣೆ: ಶಿಲಾಶಾಸನ, ವಿಗ್ರಹ, ನಾಣ್ಯ, ಓಲೆಗರಿ, ಇವು ಚರಿತ್ರೆ, ಬೋಲ್ಟು ನಟ್ಟುಗಳ ಯಂತ್ರವು ಚರಿತ್ರೆಯಲ್ಲ ಎಂಬುದು. ಹೀಗೆನ್ನುವವರು ತಮ್ಮ ಮನೆಯ ದೀಪವನ್ನು ಒಮ್ಮೆ ನೋಡಲಿ. ೧೯೦೨ರಲ್ಲಿ ಶಿವನಸಮುದ್ರದ ಕಾವೇರಿಯ ನೀರಿನಿಂದ ಹುಟ್ಟಿದ ವಿದ್ಯುತ್ತು ಸುಮಾರು ೧೪೭ ಕಿಲೋಮೀಟರು ತಂತಿಯ ಮೇಲೆ ಹರಿದು ಕೋಲಾರದ ಚಿನ್ನದ ಗಣಿಗೆ ಮುಟ್ಟಿತು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಿಗೆ ಬೆಳಕು ಬಂದಿತು. ಯಾವ ಅರಸನ ಯಾವ ದಿಗ್ವಿಜಯವು ನಮ್ಮ ಅಜ್ಜಂದಿರ ರಾತ್ರಿಯನ್ನು ಇಷ್ಟು ಬದಲಾಯಿಸಿತು? ನಾಯಂಡಹಳ್ಳಿಗೆ ಹೋಗುವ ಮೈಸೂರು ರಸ್ತೆಯ ಮೇಲೆಯೇ ೧೯೩೩ರಲ್ಲಿ ಆರಂಭವಾದ ಸರಕಾರಿ ವಿದ್ಯುತ್ ಕಾರ್ಖಾನೆಯಿದೆ; ಈಗ ಅದನ್ನು 'ಕವಿಕಾ' ಎಂದು ಕರೆಯುತ್ತಾರೆ. ಹಳ್ಳಿಹಳ್ಳಿಯ ಕಂಬಗಳ ಮೇಲೆ ಕುಳಿತ ಟ್ರಾನ್ಸ್‌ಫಾರ್ಮರುಗಳು ಹುಟ್ಟಿದ ಮನೆಯದು. ಅದೇ ರಸ್ತೆಯಲ್ಲಿ ರೆಮ್ಕೊ ಎಂಬ ರೇಡಿಯೊ ಮತ್ತು ವಿದ್ಯುತ್ ಸಾಮಗ್ರಿಯ ಕಾರ್ಖಾನೆಯೂ ಇದ್ದಿತು. ಅದು ಮುಂದೆ ಬಿ.ಎಚ್.ಇ.ಎಲ್. ಸಂಸ್ಥೆಯೊಳಗೆ ಸೇರಿತು, ವಿಜಯನಗರದ ಕಡೆಯ ಒಂದು ಬಡಾವಣೆಯು ಇಂದಿಗೂ ಅದರ ಹೆಸರನ್ನು ಹೊತ್ತಿದೆ. ಬಡಾವಣೆಗೆ ಹೆಸರನ್ನು ಕೊಟ್ಟ ಕಾರ್ಖಾನೆಯ ಒಂದು ರೇಡಿಯೊವನ್ನು ಆ ಬಡಾವಣೆಯ ಮಗುವಿಗೆ ತೋರಿಸಲಾರೆವಾದರೆ ನಮ್ಮ ಚರಿತ್ರಜ್ಞಾನವು ಎಂಥದು?

ಶಾಸನಗಳ ಮಾತನ್ನೇ ತೆಗೆದುಕೊಳ್ಳೋಣ. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಶಾಸನವೆಂದರೆ ಹಳ್ಳಿಗನಿಗೆ ಬಟ್ಟೆ ಒಗೆಯುವ ಕಲ್ಲು, ಹೊಸಲಿನ ಚಪ್ಪಡಿ. ಬಿ. ಎಲ್. ರೈಸ್ ಎಂಬ ಮಹನೀಯನು ಊರೂರು ತಿರುಗಿ ಅವುಗಳನ್ನು ಓದಿಸಿ, ಅಚ್ಚು ತೆಗೆಯಿಸಿ, ೧೮೮೬ರಿಂದ 'ಎಪಿಗ್ರಾಫಿಯ ಕರ್ನಾಟಿಕ' ಸಂಪುಟಗಳನ್ನು ಹೊರತಂದನು, ಆರ್. ನರಸಿಂಹಾಚಾರ್ಯರು ಆ ಕಾರ್ಯವನ್ನು ಮುಂದುವರಿಸಿದರು. ಅಲ್ಲಿಂದೀಚೆಗೆ ಕಲ್ಲು ಕಲ್ಲಾಗಿ ಉಳಿಯದೆ ಶಾಸನವಾಯಿತು. ಇಂದು ತಾಮ್ರಶಾಸನವೊಂದನ್ನು ಯಾವನಾದರೂ ಕರಗಿಸಿ ಚೊಂಬು ಮಾಡಿಸಿದನೆಂದರೆ ಈ ಪತ್ರಿಕೆಯ ವಾಚಕರು ಕಣ್ಣೀರಿಡುವರು. ಹಾಗಾದರೆ ಯಂತ್ರದ ಎದೆಯ ಮೇಲಿನ ಹಿತ್ತಾಳೆಯ ಫಲಕವು ಅದರ ಶಾಸನವಲ್ಲವೆ? ಮಾಡಿದವರಾರು, ಎಲ್ಲಿ, ಎಂದು ಎಂಬುದನ್ನು ಅದು ಹೇಳುವುದಿಲ್ಲವೆ? ಕಲ್ಲಿಗೆ ಒಬ್ಬ ರೈಸ್ ದೊರೆತನು. ಯಂತ್ರಕ್ಕೆ ದೊರೆಯಬೇಕಾದ ರೈಸನೇ ಪಾಲಕನು. ಅವನನ್ನು ನಾವು ಬೀಗ ಕಾಯುವವನೆಂದು ಕರೆಯುತ್ತಿದ್ದೇವೆ.

ಎರಡನೆಯ ಆಕ್ಷೇಪಣೆಯು ಇದೇ ಬೀಗದ ಮಾತು. ಕ್ಯುರೇಟರ್ ಎಂಬ ಇಂಗ್ಲಿಷ್ ಪದದ ಮೂಲವಾದ ಲ್ಯಾಟಿನ್ ಶಬ್ದಕ್ಕೆ ಆರೈಕೆಯೆಂದು ಅರ್ಥ. ಯಂತ್ರಕ್ಕೆ ಆರೈಕೆ ಎಂದರೇನು? ಹಳೆಯ ಮೋಟಾರೊಂದು ಸಂಗ್ರಹಶಾಲೆಗೆ ಬಂದಿತೆಂದು ಇಟ್ಟುಕೊಳ್ಳಿ. ಬೀಗದವನು ಅದನ್ನು ಕೊಟ್ಟಿಗೆಗೆ ತಳ್ಳಿ ಬಾಗಿಲು ಹಾಕುತ್ತಾನೆ. ಒಂದೆರಡು ವರ್ಷಗಳಲ್ಲಿ ತೊಟ್ಟಿಯ ಪೆಟ್ರೋಲು ಅಂಟಾಗಿ ನಾಳಗಳನ್ನು ಕಟ್ಟುತ್ತದೆ. ಬ್ಯಾಟರಿಯ ಆಮ್ಲವು ಸೋರಿ ತನ್ನ ಕೆಳಗಿನ ತಗಡನ್ನು ತಿನ್ನುತ್ತದೆ. ರೇಡಿಯೇಟರಿನಲ್ಲಿ ನಿಂತ ನೀರು ಒಳಗಿನಿಂದ ತುಕ್ಕನ್ನು ಹಿಡಿಸುತ್ತದೆ. ಬಂಡಿಯ ಭಾರವನ್ನು ಒಂದೇ ಕಡೆ ಹೊತ್ತ ಟೈರು ಚಪ್ಪಟೆಯಾಗಿ ಬಿರಿಯುತ್ತದೆ. ಪಿಸ್ಟನ್ನು ಸಿಲಿಂಡರಿನ ಗೋಡೆಗೆ ಕಚ್ಚಿಕೊಳ್ಳುತ್ತದೆ. ಆಸನದ ತೊಗಲಿಗೆ ಬೂಷ್ಟು, ಮೈಕಟ್ಟಿನ ಮರಕ್ಕೆ ಹುಳು. ಬೀಗವು ಭದ್ರವಾಗಿಯೇ ಇರುತ್ತದೆ; ಒಳಗಿನ ವಸ್ತುವು ಸತ್ತಿರುತ್ತದೆ.

ಪಾಲಕನ ಕ್ರಮವು ಬೇರೆ. ವಸ್ತುವನ್ನು ಮುಟ್ಟುವುದಕ್ಕೆ ಮೊದಲು ಅದರ ಚಿತ್ರವನ್ನು ಎಲ್ಲ ಪಕ್ಕಗಳಿಂದಲೂ ತೆಗೆಯಬೇಕು. ಎಂಜಿನ್ನಿನ ಸಂಖ್ಯೆ, ಅಡಿಗಟ್ಟಿನ ಸಂಖ್ಯೆ, ಕೊಟ್ಟವರು, ಕೊಟ್ಟ ದಿನ, ಅದು ಓಡಾಡಿದ ಊರು, ನಡೆಯಿಸಿದವರ ನೆನಪು, ಇವೆಲ್ಲವನ್ನೂ ದಾಖಲೆಯ ಪುಸ್ತಕದಲ್ಲಿ ಬರೆದು ಅದಕ್ಕೊಂದು ಕ್ರಮಸಂಖ್ಯೆಯನ್ನು ಕೊಡಬೇಕು. ಈ ಸಂಖ್ಯೆಯನ್ನು ಕಳೆದುಕೊಂಡ ವಸ್ತುವು ಜಾತಕವಿಲ್ಲದ ಅನಾಥ ಶಿಶು. ಆಮೇಲೆ ಇಂಧನವನ್ನೂ ನೀರನ್ನೂ ಬಸಿದು, ಬ್ಯಾಟರಿಯನ್ನು ತೆಗೆದು, ಅಚ್ಚಿನ ಕೆಳಗೆ ಆಧಾರವನ್ನು ಕೊಟ್ಟು ಟೈರುಗಳ ಭಾರವನ್ನು ಇಳಿಸಬೇಕು. ಸಿಲಿಂಡರಿಗೆ ಎಣ್ಣೆಯನ್ನು ಬಿಟ್ಟು ಆಗಾಗ್ಗೆ ಕೈಯಿಂದಲೇ ಎಂಜಿನ್ನನ್ನು ಒಂದೆರಡು ಸುತ್ತು ತಿರುಗಿಸಬೇಕು. ಗಾಳಿಯ ತೇವವನ್ನು ಅಳೆಯುತ್ತಿರಬೇಕು. ಧೂಳು ತೇವವನ್ನು ಹಿಡಿದಿಟ್ಟು ತುಕ್ಕನ್ನು ಬೆಳೆಸುವುದರಿಂದ ಧೂಳನ್ನು ತೆಗೆಯುವುದೂ ಒಂದು ಶಾಸ್ತ್ರವೇ. ಹಳೆಯ ಬ್ರೇಕುಗಳಲ್ಲಿಯೂ ಉಗಿಪಾತ್ರೆಯ ಹೊದಿಕೆಯಲ್ಲಿಯೂ ಕಲ್ನಾರು ಇರುತ್ತದೆ; ಅದರ ಎಳೆಯು ಶ್ವಾಸಕೋಶಕ್ಕೆ ಹೊಕ್ಕರೆ ಪ್ರಾಣಕ್ಕೆ ಅಪಾಯ. ಕತ್ತಲಲ್ಲಿ ಹೊಳೆಯುವ ಹಳೆಯ ಮುಖಫಲಕಗಳಲ್ಲಿ ರೇಡಿಯಂ ಬಣ್ಣವಿರುತ್ತದೆ. ಅದನ್ನು ಉಜ್ಜಿ ಹೊಳಪು ಕೊಡಹೋದ ಆಳಿಗೆ ತಾನು ಏನನ್ನು ಉಸಿರಾಡುತ್ತಿರುವೆನೆಂಬುದು ತಿಳಿಯದು. ಬೀಗದ ಗೊಂಚಲಿನಲ್ಲಿ ಈ ಯಾವ ಕೆಲಸಕ್ಕೂ ಬೀಗದ ಕೈ ಇಲ್ಲ.

ಮೂರನೆಯ ಪಕ್ಷದವರು ಪ್ರೀತಿಯುಳ್ಳವರು. ಆದುದರಿಂದ ಅವರೊಡನೆ ವಾದಿಸುವುದು ಹೆಚ್ಚು ಕಷ್ಟ. ಹಳೆಯ ಬಂಡಿಗಳನ್ನು ಕೊಂಡು, ಹಣವನ್ನು ಸುರಿದು, ಕನ್ನಡಿಯಂತೆ ಹೊಳೆಯಿಸಿ, ಮೆರವಣಿಗೆಯಲ್ಲಿ ಓಡಿಸುವ ರಸಿಕರಿವರು. ಇವರಿಲ್ಲದಿದ್ದರೆ ನೂರಾರು ಬಂಡಿಗಳು ಎಂದೋ ಕರಗಿಹೋಗುತ್ತಿದ್ದವು; ಈ ಋಣವನ್ನು ಮೊದಲು ಒಪ್ಪಿಕೊಳ್ಳುತ್ತೇನೆ. ಆದರೆ ಹೊಸ ಬಣ್ಣ, ಹೊಸ ತೊಗಲು, ಹೊಸ ನಿಕ್ಕಲಿನ ಲೇಪ, ಕೊನೆಗೆ ಹೊಸ ಎಂಜಿನ್ನೂ ಸೇರಿದ ಮೇಲೆ ಅಲ್ಲಿ ಹಳೆಯದಾಗಿ ಉಳಿಯುವುದು ಯಾವುದು? ಹಳೆಯ ಬಣ್ಣದ ಪದರಗಳ ಕೆಳಗೆ ಬಂಡಿಯ ಆಯುಷ್ಯವೆಲ್ಲ ಬರೆದಿರುತ್ತದೆ: ಯಾವ ಕಾಲದಲ್ಲಿ ಯಾವ ಒಡೆಯ, ಯಾವ ಅಪಘಾತ, ಬಡತನದಲ್ಲಿ ಕೈಯಿಂದ ಬಳಿದ ಯಾವ ಬಣ್ಣ. ಅದನ್ನು ಕೆರೆದು ಹಾಕುವುದು ಓಲೆಗರಿಯ ಹಳೆಯ ಅಕ್ಷರವನ್ನು ಒರಸಿ ಅಂದವಾದ ಹೊಸ ಅಕ್ಷರವನ್ನು ಬರೆದಂತೆ. ಹಳೆಯ ವಾಹನಗಳ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾ ೨೦೧೨ರಲ್ಲಿ ಅಂಗೀಕರಿಸಿದ ಟ್ಯೂರಿನ್ ಸನ್ನದಿನ ಸಾರವೂ ಇದೇ: ಮೊದಲು ಇದ್ದುದನ್ನು ಉಳಿಸು, ಆಮೇಲೆ ಕೆಡದಂತೆ ಕಾಪಾಡು, ತೀರ ಅಗತ್ಯವಾದಲ್ಲಿ ಮಾತ್ರ ಪುನರುದ್ಧಾರ ಮಾಡು, ಮಾಡಿದ್ದನ್ನು ಬರೆದಿಡು. ಇದನ್ನು ಧನಿಕರಿಗೆ ಹೇಳುವ ಧೈರ್ಯವೂ ವಿದ್ಯೆಯೂ ಇರಬೇಕಾದವನು ಪಾಲಕನು. ಕಾವಲುಗಾರನು ಸಲಾಮು ಹೊಡೆಯಬಲ್ಲನಷ್ಟೆ.

ಇದಕ್ಕಿಂತಲೂ ಖೇದಕರವಾದುದು ಕಟ್ಟೆಯ ಮೇಲಿನ ಯಂತ್ರ. ಉಗಿಬಂಡಿಯೊಂದನ್ನೋ ಯುದ್ಧವಿಮಾನವೊಂದನ್ನೋ ರಸ್ತೆಯ ಕೂಡಿನಲ್ಲಿ ಸಿಮೆಂಟಿನ ಕಟ್ಟೆಗೆ ಏರಿಸಿ, ಸುತ್ತಲೂ ಹುಲ್ಲು ಬೆಳೆಸಿ, ಸ್ವಾತಂತ್ರ್ಯದಿನಕ್ಕೆ ಮೊದಲು ಬಣ್ಣ ಬಳಿದು, ಇದನ್ನೇ ಸಂರಕ್ಷಣೆಯೆಂದು ಕರೆಯುವುದು ರೂಢಿಯಾಗಿದೆ. ಮಳೆಯ ನೀರು ಸಂದುಗೊಂದುಗಳಿಗೆ ಇಳಿಯುತ್ತದೆ; ಬಣ್ಣವು ಆ ತೇವವನ್ನು ಒಳಗೇ ಮುಚ್ಚುತ್ತದೆ; ಮೇಲೆ ಮದುವೆಯ ಗಂಡು, ಒಳಗೆ ಕ್ಷಯರೋಗಿ. ಗುಜರಿಯವನು ಕಬ್ಬಿಣವನ್ನು ಕಬ್ಬಿಣವೆಂದು ಹೇಳಿ ಕರಗಿಸುತ್ತಾನೆ. ನಾವು ಕಾಪಾಡುತ್ತಿದ್ದೇವೆಂದು ಹೇಳಿ ಕರಗಿಸುತ್ತೇವೆ. ಇಬ್ಬರಲ್ಲಿ ಸತ್ಯವಂತನು ಯಾರು?

ನಾಲ್ಕನೆಯದು ಪಾಲಕರೊಳಗೇ ನಡೆಯುವ ವಾದ: ಯಂತ್ರವು ಓಡಬೇಕೋ, ನಿಲ್ಲಬೇಕೋ? ಓಡಿಸಿದರೆ ಸವೆಯುತ್ತದೆ, ಸವೆದುದನ್ನು ಬದಲಾಯಿಸಿದರೆ ಮೂಲವು ಹೋಗುತ್ತದೆ. ನಿಲ್ಲಿಸಿದರೆ ಅದನ್ನು ಓಡಿಸುವ ಕೈಯ ವಿದ್ಯೆಯು ಸಾಯುತ್ತದೆ. ಎರಡು ಕಡೆಯಲ್ಲಿಯೂ ಸತ್ಯವಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಮೋಟಾರು ಸೈಕಲ್ಲನ್ನು ನೆನೆಯಿರಿ. ೧೯೬೧ರಲ್ಲಿ ಆರಂಭವಾಗಿ ೧೯೯೬ರಲ್ಲಿ ಮುಚ್ಚಿಹೋದ ಆ ಕಾರ್ಖಾನೆಯ ಜಾವಾ, ಯೆಜ್ಡಿಗಳನ್ನು ಬಲ್ಲವರಿಗೆ ಗೊತ್ತು, ಕಾಲಿನಿಂದ ಒದ್ದು ಎಂಜಿನ್ನನ್ನು ಎಬ್ಬಿಸುವ ಸನ್ನೆಯೇ ತಿರುಗಿಸಿದರೆ ಗೇರಿನ ಸನ್ನೆಯೂ ಆಗುತ್ತಿತ್ತು. ಪೆಟ್ರೋಲಿಗೆ ಎಣ್ಣೆಯನ್ನು ಎಷ್ಟು ಬೆರಸಬೇಕೆಂಬುದು ಸವಾರನ ಹದ. ಗಾಜಿನ ಪೆಟ್ಟಿಗೆಯಲ್ಲಿಟ್ಟ ಯೆಜ್ಡಿಯು ಇದನ್ನು ಹೇಳಲಾರದು. ಆ ಬಂಡಿಗಳು ಇಂದಿಗೂ ರಸ್ತೆಯ ಮೇಲಿರುವುದು ಅವುಗಳನ್ನು ಬಿಡಲೊಲ್ಲದ ಸವಾರರಿಂದ, ಅವರ ಮೇಸ್ತ್ರಿಗಳಿಂದ. ನನ್ನ ಅಭಿಪ್ರಾಯವು ಇಷ್ಟು: ಒಂದೇ ಬಗೆಯ ಎರಡು ಯಂತ್ರಗಳಿದ್ದರೆ ಒಂದು ಓಡಲಿ, ಒಂದು ಮುಟ್ಟದೆ ಉಳಿಯಲಿ. ಒಂದೇ ಇದ್ದರೆ ಅದು ಉಳಿಯಲಿ. ಆದರೆ ಅದನ್ನು ಬಲ್ಲ ಮೇಸ್ತ್ರಿಯನ್ನು ಸಂಗ್ರಹಶಾಲೆಗೆ ಕರೆದು, ಗೌರವಧನವನ್ನು ಕೊಟ್ಟು, ಅವನ ಮಾತನ್ನೂ ಕೈಯ ಚಲನೆಯನ್ನೂ ಎಂಜಿನ್ನಿನ ಸದ್ದನ್ನೂ ಧ್ವನಿಚಿತ್ರವಾಗಿ ಹಿಡಿದಿಡಬೇಕು. ಮೇಸ್ತ್ರಿಗೆ ಆಯುಷ್ಯವು ಯಂತ್ರಕ್ಕಿಂತ ಕಡಿಮೆ. ಆದುದರಿಂದ ಮೊದಲು ಸಂಗ್ರಹಿಸಬೇಕಾದುದು ಅವನ ನೆನಪು.

ಇನ್ನು ಕಾಯಿದೆಯ ಮಾತು. ೧೯೭೨ರ ಪ್ರಾಚೀನ ವಸ್ತುಗಳ ಕಾಯಿದೆಯಂತೆ ವಸ್ತುವೊಂದು ಪ್ರಾಚೀನವೆನಿಸಿಕೊಳ್ಳುವುದಕ್ಕೆ ಸಾಮಾನ್ಯವಾಗಿ ೧೦೦ ವರ್ಷ ತುಂಬಿರಬೇಕು. ೨೦೨೧ರಲ್ಲಿ ಕೇಂದ್ರದ ಮೋಟಾರು ವಾಹನ ನಿಯಮಗಳಿಗೆ ಸೇರಿಸಿದ ತಿದ್ದುಪಡಿಯಂತೆ, ೫೦ ವರ್ಷಗಳನ್ನು ಕಳೆದು ಮೂಲರೂಪದಲ್ಲಿರುವ ದ್ವಿಚಕ್ರ ಚತುಶ್ಚಕ್ರ ವಾಹನಗಳನ್ನು 'ವಿಂಟೇಜ್' ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ ಶುಲ್ಕ ೨೦,೦೦೦ ರೂಪಾಯಿ. ಆದರೆ ೨೦೨೩ರ ಏಪ್ರಿಲ್ ೧ರಿಂದ ಸರಕಾರದ ವಾಹನಗಳು, ಸೈನ್ಯದ ಕೆಲವು ವಿಶೇಷ ವಾಹನಗಳನ್ನು ಬಿಟ್ಟು, ೧೫ ವರ್ಷ ತುಂಬಿದೊಡನೆ ನೋಂದಣಿಯನ್ನು ಕಳೆದುಕೊಂಡು ಗುಜರಿಗೆ ಹೋಗತಕ್ಕದ್ದು. ವಾಚಕರು ಲೆಕ್ಕವನ್ನು ಹಾಕಿ ನೋಡಲಿ. ಹದಿನೈದಕ್ಕೆ ಮರಣ, ಐವತ್ತಕ್ಕೆ ಗೌರವ! ನಡುವಣ ೩೫ ವರ್ಷ ಆ ವಾಹನವು ಎಲ್ಲಿ ಅಡಗಿರಬೇಕು? ಶ್ರೀಮಂತನ ಮೋಟಾರಿಗೆ ಶ್ರೀಮಂತನ ಮನೆಯ ಷೆಡ್ಡು ಉಂಟು. ಬಡವನನ್ನು ಹೊತ್ತ ಬಸ್ಸಿಗೆ, ಬಾಣಂತಿಯನ್ನು ಹೊತ್ತ ಆಸ್ಪತ್ರೆಯ ಗಾಡಿಗೆ, ಬೆಂಕಿಯನ್ನಾರಿಸಿದ ಬಂಡಿಗೆ ಷೆಡ್ಡು ಎಲ್ಲಿದೆ? ೧೯೪೮ರ ಸೆಪ್ಟೆಂಬರಿನಲ್ಲಿ ಮೈಸೂರು ಸರಕಾರವು ೧೨೦ ಬಸ್ಸುಗಳೊಡನೆ ತನ್ನ ರಸ್ತೆ ಸಾರಿಗೆ ಇಲಾಖೆಯನ್ನು ಆರಂಭಿಸಿತು. ಕನ್ನಡ ನಾಡಿನ ಹಳ್ಳಿಯನ್ನು ಪಟ್ಟಣಕ್ಕೆ ಕಟ್ಟಿದ ಕೆಂಪು ಬಸ್ಸಿನ ಮೂಲವದು. ಮುಂದಿನ ಪೀಳಿಗೆಗೆ ಮಹಾರಾಜರ ಮೋಟಾರುಗಳು ಮಾತ್ರ ಉಳಿದು ಈ ಬಸ್ಸುಗಳು ಉಳಿಯದೆ ಹೋದರೆ, ನಮ್ಮ ನಾಡಿನಲ್ಲಿ ಮಹಾರಾಜರಷ್ಟೇ ಪ್ರಯಾಣ ಮಾಡುತ್ತಿದ್ದರೆಂದು ಅದು ತಿಳಿಯುವುದು. ಸಂಗ್ರಹಶಾಲೆಯಲ್ಲಿ ಏನಿದೆಯೆಂಬುದರಷ್ಟೇ ಏನಿಲ್ಲವೆಂಬುದೂ ಚರಿತ್ರೆಯನ್ನು ಬರೆಯುತ್ತದೆ.

ವಾಹನಗಳ ಪಾಡು ಹೀಗಾದರೆ ಕಾರ್ಖಾನೆಗಳ ಪಾಡು ಇದಕ್ಕಿಂತ ಕಡೆ. ಕೋಲಾರದ ಚಿನ್ನದ ಗಣಿ ೨೦೦೧ರಲ್ಲಿ ಮುಚ್ಚಿತು, ಬೆಂಗಳೂರಿನ ಎನ್.ಜಿ.ಇ.ಎಫ್. ೨೦೦೨ರಲ್ಲಿ, ಎಚ್.ಎಂ.ಟಿ. ಗಡಿಯಾರದ ಕಂಪನಿಯನ್ನು ಮುಚ್ಚುವುದಕ್ಕೆ ಕೇಂದ್ರ ಸರಕಾರವು ೨೦೧೬ರಲ್ಲಿ ಒಪ್ಪಿತು. ಎಚ್.ಎಂ.ಟಿ.ಯವರು ಜಾಲಹಳ್ಳಿಯಲ್ಲಿ ತಮ್ಮ ಗಡಿಯಾರಗಳಿಗೂ ಯಂತ್ರಗಳಿಗೂ ಒಂದು ಸಂಗ್ರಹಶಾಲೆಯನ್ನು ಮಾಡಿರುವುದು ಸಂತೋಷದ ವಿಷಯ. ಆದರೆ ಇದು ಆ ಸಂಸ್ಥೆಯ ಸೌಜನ್ಯವೇ ಹೊರತು ಕಾಯಿದೆಯ ಕಟ್ಟಲ್ಲ. ಕಾರ್ಖಾನೆಯು ಮುಚ್ಚಿದಾಗ ಸಾಲಗಾರರ ಪಟ್ಟಿಯಾಗುತ್ತದೆ, ಭೂಮಿಯ ಅಳತೆಯಾಗುತ್ತದೆ, ಯಂತ್ರಗಳ ಹರಾಜಾಗುತ್ತದೆ. ನಕ್ಷೆಗಳು, ಅಚ್ಚುಗಳು, ಅಳತೆಯ ಮಾದರಿಗಳು, ಕೆಲಸಗಾರರ ಚೀಟಿಗಳು, ಇವುಗಳಿಗೆ ಸಾಲಗಾರನಿಲ್ಲ. ಆದುದರಿಂದ ವಾರಸುದಾರನೂ ಇಲ್ಲ. ಯಂತ್ರವೊಂದು ನಕ್ಷೆಯಿಲ್ಲದೆ ಉಳಿದರೆ ಅದು ವ್ಯಾಖ್ಯಾನವಿಲ್ಲದ ಸೂತ್ರದಂತೆ.

ಇಷ್ಟೆಲ್ಲ ಯಂತ್ರಗಳನ್ನು ಇಡುವ ಸ್ಥಳವೆಲ್ಲಿ, ಹಣವೆಲ್ಲಿ, ಹಸಿದವನಿಗೆ ಮೊದಲು ಅನ್ನವಲ್ಲವೆ, ಎಂದು ಕೊನೆಯದಾಗಿ ಕೇಳುವರು. ನ್ಯಾಯವಾದ ಪ್ರಶ್ನೆ. ಎಲ್ಲವನ್ನೂ ಇಡಬೇಕೆಂದು ನಾನು ಹೇಳುವುದಿಲ್ಲ; ಎಲ್ಲವನ್ನೂ ಇಡುವವನು ಪಾಲಕನಲ್ಲ, ಅವನೂ ಗುಜರಿಯವನೇ. ಸಾವಿರದಲ್ಲಿ ಒಂದನ್ನು ಆರಿಸುವ ವಿವೇಕಕ್ಕಾಗಿಯೇ ವಿದ್ಯಾವಂತನು ಬೇಕೆಂಬುದು ನನ್ನ ವಾದ. ಯಾವುದನ್ನು ಬಿಡಬೇಕೆಂಬುದನ್ನು ಬಲ್ಲವನಿದ್ದರೆ ಸ್ಥಳವೂ ಹಣವೂ ಉಳಿಯುತ್ತವೆ. ಅವನಿಲ್ಲದ ಕಡೆ ಒಂದೋ ಎಲ್ಲವೂ ತಕ್ಕಡಿಗೆ, ಇಲ್ಲವೇ ಎಲ್ಲವೂ ಕೊಟ್ಟಿಗೆಗೆ. ಜರ್ಮನಿಯ ಮ್ಯೂನಿಕ್ ನಗರದಲ್ಲಿ ಆಸ್ಕರ್ ಫಾನ್ ಮಿಲ್ಲರ್ ಎಂಬ ಎಂಜಿನಿಯರನು ೧೯೦೩ರಲ್ಲಿ ಸ್ಥಾಪಿಸಿದ ಸಂಗ್ರಹಶಾಲೆಯ ಹೊಸ ಕಟ್ಟಡವು ತೆರೆದದ್ದು ೧೯೨೫ರಲ್ಲಿ. ನಡುವೆ ಒಂದು ಮಹಾಯುದ್ಧ, ಒಂದು ಭಯಂಕರವಾದ ಹಣದುಬ್ಬರ. ಆ ಜನರು ಹಸಿವನ್ನು ಕಾಣದವರಲ್ಲ. ಎಂಜಿನ್ನನ್ನು ಸೀಳಿ ಒಳಗನ್ನು ತೋರಿಸಿ, ಹಿಡಿಯನ್ನು ತಿರುಗಿಸಿ ನೋಡೆಂದು ಹುಡುಗನ ಕೈಗೆ ಕೊಟ್ಟರೆ, ಆ ಹುಡುಗನು ನಾಳೆ ಅನ್ನವನ್ನು ದುಡಿಯುವ ವಿದ್ಯೆಯನ್ನು ಕಲಿಯುವನೆಂದು ಅವರು ನಂಬಿದರು.

ಆದುದರಿಂದ ನಾನು ಕೇಳುವುದು ನಾಲ್ಕೇ ಮಾತು. ಯಂತ್ರ ಮತ್ತು ವಾಹನಗಳ ಸಂಗ್ರಹವಿರುವಲ್ಲೆಲ್ಲ ತಕ್ಕ ಶಿಕ್ಷಣವುಳ್ಳ ಪಾಲಕನಿರಬೇಕು. ಅವನ ಜೊತೆಯಲ್ಲಿ ಕೈಕೆಲಸ ಬಲ್ಲ ಒಬ್ಬ ಮೇಸ್ತ್ರಿಯೂ, ಇಬ್ಬರಿಂದಲೂ ಕಲಿಯುವ ಒಬ್ಬ ಶಿಷ್ಯನೂ ಇರಬೇಕು. ಕಾರ್ಖಾನೆಯೊಂದು ಮುಚ್ಚುವಾಗ ಹರಾಜಿಗೆ ಮೊದಲು ಒಂದು ಯಂತ್ರವನ್ನು ಅದರ ನಕ್ಷೆಯ ಸಮೇತ ಆರಿಸಿಕೊಳ್ಳುವ ಹಕ್ಕು ಸಂಗ್ರಹಶಾಲೆಗೆ ಇರಬೇಕು. ಸರಕಾರದ ವಾಹನಗಳಲ್ಲಿ ಪ್ರತಿಯೊಂದು ಬಗೆಯಿಂದಲೂ ಒಂದನ್ನು ಗುಜರಿಯ ನಿಯಮದಿಂದ ಬಿಡಿಸಿ ಕಾಪಾಡಬೇಕು. ಕಡೆಯದಾಗಿ, ಮುಖ್ಯವಾಗಿ, ಪಾಲಕನು ತನ್ನ ಕುರ್ಚಿಯನ್ನು ಬಿಟ್ಟು ತಿಂಗಳಿಗೊಮ್ಮೆಯಾದರೂ ನಾಯಂಡಹಳ್ಳಿಗೆ ಬರಬೇಕು. ಗುಜರಿಯ ಯಜಮಾನನಿಗೆ ತೂಕದ ಬೆಲೆಗಿಂತ ನಾಲ್ಕು ಕಾಸನ್ನು ಹೆಚ್ಚಾಗಿ ಕೊಟ್ಟು, "ಫಲಕವನ್ನು ಕೀಳುವುದಕ್ಕೆ ಮೊದಲು ನನಗೆ ಹೇಳಿ ಕಳುಹಿಸಪ್ಪ" ಎಂದು ಒಂದು ಮಾತನ್ನು ಹೇಳಿದರೆ, ಆತನಿಗಿಂತ ಉತ್ತಮನಾದ ಸಹಾಯಕನು ಸಂಗ್ರಹಶಾಲೆಗೆ ದೊರೆಯಲಾರನು. ನಗರದ ಪಶ್ಚಿಮದ ಕಾರ್ಖಾನೆಗಳ ಸಂಗ್ರಹಶಾಲೆಯೊಂದು ಎಂದಾದರೂ ಆಗುವುದಾದರೆ ಅದು ಈ ರಸ್ತೆ, ಹಳಿ, ಹೊಳೆಗಳು ಕೂಡುವ ನಾಯಂಡಹಳ್ಳಿಯಲ್ಲಿಯೇ ಆಗಲಿ.

ಸರಕಾರವು ಮಾಡುವವರೆಗೆ ನಾವು ಸುಮ್ಮನಿರಬೇಕಾದುದಿಲ್ಲ. ವಾಚಕರ ಮನೆಯ ಅಟ್ಟದಲ್ಲಿ ಒಂದು ವಾಲ್ವಿನ ರೇಡಿಯೊ, ಕೈಯಿಂದ ತಿರುಗಿಸುವ ಒಂದು ಹೊಲಿಗೆ ಯಂತ್ರ, ತಂದೆಯವರ ನಿವೃತ್ತಿಯ ದಿನ ಬಂದ ಒಂದು ಎಚ್.ಎಂ.ಟಿ. ಗಡಿಯಾರ, ಹಿತ್ತಲಲ್ಲಿ ನಿಂತ ಒಂದು ಸ್ಕೂಟರು ಇ‌ರಬಹುದು. ಅದನ್ನು ಮಾರಬೇಡಿರೆಂದು ಹೇಳುವ ಅಧಿಕಾರವು ನನಗಿಲ್ಲ. ಮನೆಯು ಇಕ್ಕಟ್ಟು, ಕಾಲವು ಕಷ್ಟ. ಗುಜರಿಯವನನ್ನು ಕೂಗುವುದಕ್ಕೆ ಮೊದಲು ಅದರ ಫಲಕವನ್ನು ಓದಿರಿ. ಅಲ್ಲಿರುವುದನ್ನು ಕಾಗದದ ಮೇಲೆ ಬರೆಯಿರಿ. ಕೊಂಡವರಾರು, ಎಷ್ಟಕ್ಕೆ, ಮನೆಗೆ ಬಂದ ದಿನ ಏನು ನಡೆಯಿತು ಎಂಬುದನ್ನು ಮನೆಯ ಹಿರಿಯರನ್ನು ಕೇಳಿ ಕೆಳಗೆ ಸೇರಿಸಿರಿ. ಅಂಥ ಕಾಗದಗಳನ್ನು ಕೂಡಿಸುವ ಕೆಲಸವನ್ನು ನಮ್ಮ ಸಂಘವು ಕೈಕೊಳ್ಳಲೆಂದು ಕೋರುತ್ತೇನೆ.

ಅಂದು ಆ ಬುಟ್ಟಿಯಿಂದ ಒಂದು ಫಲಕವನ್ನು ನಾನು ತೂಕದ ಬೆಲೆಗೆ ಕೊಂಡು ತಂದೆನು. ಅದರಲ್ಲಿ 'ಬೆಂಗಳೂರು' ಎಂಬ ಮಾತೂ ನಾಲ್ಕಂಕಿಯ ಒಂದು ಸಂಖ್ಯೆಯೂ ಇವೆ. ಉಳಿಯ ಏಟಿಗೆ ಮಿಕ್ಕ ಅಕ್ಷರಗಳು ಮುರಿದಿವೆ. ಅದು ನಾನು ನೋಡಿದ ಲೇತಿನದೋ ಬೇರೊಂದರದೋ ಹೇಳಲಾರೆನು. ಊರು ಅಳಿದುಹೋದ ಮೇಲೆ ಉಳಿದ ದಾನಶಾಸನದಂತೆ ಅದು ನನ್ನ ಮೇಜಿನ ಮೇಲಿದೆ. ಈ ವರ್ಷದ ಆಯುಧಪೂಜೆಯಲ್ಲಿ ಅದಕ್ಕೂ ಕುಂಕುಮವನ್ನಿಟ್ಟೆನು, ಇಡುವಾಗ ನಾಚಿಕೆಯಾಯಿತು.